ಒಂದೇ ಗ್ಯಾರೇಜು: ಹಳೆಯ ಎಂಜಿಬಿಯೋ, ಹೊಸ ಸಿಯೆನ್ನಾವೋ?

ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು ಸುಮಾರು 12 ಸೆಕೆಂಡ್ ಬೇಕು. ಏಳೆಂಟು ಜನ ಕೂರುವ ಟೊಯೋಟಾ ಸಿಯೆನ್ನಾ ಮಿನಿವ್ಯಾನ್ ಅದೇ ವೇಗವನ್ನು 8 ಸೆಕೆಂಡಿನೊಳಗೆ ಮುಟ್ಟುತ್ತದೆ. ಪೆಟ್ರೋಲಿನ ಲೆಕ್ಕವೂ ಹಾಗೆಯೇ: ಎಂಜಿಬಿ ಗ್ಯಾಲನ್ನಿಗೆ 25 ಮೈಲಿ ಕೊಟ್ಟರೆ ಹೆಚ್ಚು, ಸಿಯೆನ್ನಾಗೆ ಸರ್ಕಾರಿ ಪರೀಕ್ಷೆಯ ಅಂಕಿ 36 ಮೈಲಿ. ಬ್ರೇಕು, ಬೆಳಕು, ಮಳೆಗಾಲದ ಹಿಡಿತ, ಬಿಸಿಗಾಳಿ, ತಂಪುಗಾಳಿ, ಯಾವುದನ್ನು ತೆಗೆದುಕೊಂಡರೂ ವ್ಯಾನೇ ಮುಂದು. ಕಾಗದದ ಮೇಲೆ ಹೋಲಿಸಿದರೆ ಹಳೆಯ ಕಾರಿನ ಪಾಲಿಗೆ ಏನೂ ಉಳಿಯುವುದಿಲ್ಲ. ಹೀಗಿದ್ದೂ ಅದನ್ನು ಕೊಳ್ಳಬೇಕೆಂಬ ಆಸೆ ತಿಳಿಗೇಡಿತನವೇನಲ್ಲ. ಆದರೆ ಆ ಆಸೆ ಏನನ್ನು ಕೇಳುತ್ತಿದೆ ಎಂಬುದನ್ನು ಚೆಕ್ ಬರೆಯುವ ಮೊದಲೇ ತಿಳಿದುಕೊಂಡಿರಬೇಕು.

ಅಮೆರಿಕದಲ್ಲಿ ನೆಲೆಸಿ, ಕೆಲಸಕ್ಕೆ ಹೋಗಿಬರಲು ಈಗಾಗಲೇ ಒಂದು ಸಾಧಾರಣ ಕಾರು ಇಟ್ಟುಕೊಂಡು, ಎರಡನೆಯದಕ್ಕೆ ಹಣ ಹೊಂದಿಸಿಕೊಂಡಿರುವ ಕನ್ನಡ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಗ್ಯಾರೇಜಿನಲ್ಲಿ ಇನ್ನೊಂದೇ ವಾಹನಕ್ಕೆ ಜಾಗವಿದೆ. ಗಂಡನಿಗೋ ಹೆಂಡತಿಗೋ ಕಾಲೇಜು ದಿನಗಳಿಂದಲೂ ಟಾಪ್ ಇಲ್ಲದ ಕಾರಿನ ಕನಸು. ಇತ್ತ ಮಕ್ಕಳು ಬೆಳೆಯುತ್ತಿದ್ದಾರೆ, ಬೇಸಿಗೆಗೆ ಊರಿನಿಂದ ಅಪ್ಪ ಅಮ್ಮ ಬರುವವರಿದ್ದಾರೆ. ಇಂಥ ಮನೆಗಳಲ್ಲಿ ಈ ಎರಡು ವಾಹನಗಳ ಹೋಲಿಕೆ ನಿಜಕ್ಕೂ ನಡೆಯುತ್ತದೆ.

ಎಂಜಿಬಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆ್ಯಬಿಂಗ್‌ಡನ್ ಕಾರ್ಖಾನೆಯಲ್ಲಿ ಇದರ ಬಗೆಬಗೆಯ ಮಾದರಿಗಳು ಸೇರಿ ಐದು ಲಕ್ಷಕ್ಕೂ ಹೆಚ್ಚು ತಯಾರಾದವು, ಅವುಗಳಲ್ಲಿ ದೊಡ್ಡ ಪಾಲು ಅಮೆರಿಕಕ್ಕೇ ಬಂದಿತು. ಹಾಗಾಗಿ ಇಲ್ಲಿ ಇಂದಿಗೂ ಸುಲಭವಾಗಿ ಸಿಗುತ್ತದೆ, ಬಿಡಿಭಾಗಗಳೂ ಸಿಗುತ್ತವೆ, ಬೆಲೆಯೂ ಅದೇ ಕಾಲದ ಇನ್ನೊಂದು ಬ್ರಿಟಿಷ್ ಸ್ಪೋರ್ಟ್ಸ್ ಕಾರು ಜಾಗ್ವಾರ್ ಇ-ಟೈಪ್‌ನಂತೆ ಕೈಗೆಟುಕದ ಎತ್ತರಕ್ಕೆ ಹೋಗಿಲ್ಲ. ಮಿನಿವ್ಯಾನಿನ ಕಥೆ ಎಂಜಿಬಿಯ ತಯಾರಿಕೆ ನಿಂತ ಮೇಲೆ ಶುರುವಾಗುತ್ತದೆ. ಕೊನೆಯ ಎಂಜಿಬಿ ಹೊರಬಂದ ಮೂರು ವರ್ಷಕ್ಕೆ, 1983ರ ನವೆಂಬರಿನಲ್ಲಿ, ಲೀ ಅಯಕೋಕಾ ಮುಖ್ಯಸ್ಥರಾಗಿದ್ದ ಕ್ರೈಸ್ಲರ್ ಕಂಪನಿ ಕೆನಡಾದ ವಿಂಡ್ಸರ್ ಕಾರ್ಖಾನೆಯಿಂದ ತನ್ನ ಮೊದಲ ಮಿನಿವ್ಯಾನ್ ಹೊರತಂದಿತು. ಸಾಮಾನ್ಯ ಗ್ಯಾರೇಜಿನೊಳಗೆ ಹಿಡಿಸಬೇಕು, ಕಾರಿನಂತೆ ಓಡಿಸಲು ಬರಬೇಕು, ಮನೆಮಂದಿಯೆಲ್ಲ ಕೂರಬೇಕು ಎಂಬುದು ಅದರ ಹಿಂದಿನ ಯೋಚನೆ. ಆ ಯೋಚನೆ ಈಗಲೂ ಬದಲಾಗಿಲ್ಲ.

ಅಂಕಿಗಳಲ್ಲಿ ಕಾಣದ್ದು

ಮೊದಲ ವರ್ಷಗಳ ಎಂಜಿಬಿ ಒಂದು ಟನ್ನಿಗಿಂತ ಕಡಿಮೆ ತೂಗುತ್ತದೆ, ಸಿಯೆನ್ನಾ ಎರಡು ಟನ್ ದಾಟುತ್ತದೆ. ಎಂಜಿಬಿಗೆ 1,798 ಸಿಸಿ ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಎಸ್‌ಯು ಕಾರ್ಬುರೇಟರ್, 95 ಅಶ್ವಶಕ್ತಿ. ಪವರ್ ಸ್ಟಿಯರಿಂಗ್ ಇಲ್ಲ. ಕೀ ತಿರುಗಿಸಿದೊಡನೆ ಹಿಂದಿನಿಂದ ಪೆಟ್ರೋಲ್ ಪಂಪು ಟಿಕ್ ಟಿಕ್ ಎನ್ನುತ್ತದೆ, ಅದು ನಿಧಾನವಾದ ಮೇಲೆ ಚೋಕ್ ಎಳೆದು ಸ್ಟಾರ್ಟ್ ಮಾಡಬೇಕು. ಸೀಟು ಎಷ್ಟು ತಗ್ಗಿನಲ್ಲಿದೆ ಎಂದರೆ ಬಾಗಿಲ ಮೇಲಿಂದ ಕೈ ಇಳಿಬಿಟ್ಟರೆ ರಸ್ತೆ ಇನ್ನು ಸ್ವಲ್ಪವೇ ದೂರ. ರಸ್ತೆಯ ಒರಟು, ನುಣುಪು, ಸಣ್ಣ ಇಳಿಜಾರು ಎಲ್ಲವೂ ಸ್ಟಿಯರಿಂಗ್ ಮೂಲಕ ಅಂಗೈಗೆ ಬರುತ್ತವೆ.

ಇದರ ಫಲವೇನೆಂದರೆ, ಗಂಟೆಗೆ 40 ಮೈಲಿಯಲ್ಲೇ ಮನಸ್ಸು ತುಂಬುತ್ತದೆ. ಇಂದಿನ ಶಕ್ತಿಶಾಲಿ ಸ್ಪೋರ್ಟ್ಸ್ ಕಾರು ರಂಗೇರುವ ಹೊತ್ತಿಗೆ ಲೈಸೆನ್ಸಿಗೇ ಕುತ್ತು ಬರುವಷ್ಟು ವೇಗ ಬಂದಿರುತ್ತದೆ. ಎಂಜಿಬಿಯ ಸಂತೋಷ ಕಾನೂನಿನ ಮಿತಿಯೊಳಗೆ, ಊರ ಹೊರಗಿನ ಎರಡು ಲೇನಿನ ರಸ್ತೆಯಲ್ಲೇ ಸಿಗುವಂಥದ್ದು. ಗೇರು ಬದಲಿಸುವಾಗ ಎಂಜಿನ್ನಿನ ದನಿ ಕೇಳಿ ಕಾಲು ತಾನಾಗಿ ಕ್ಲಚ್ಚಿನ ಮೇಲೆ ಹೋಗುವುದು, ತಿರುವಿನಲ್ಲಿ ಕಾರು ಎತ್ತ ವಾಲುತ್ತದೆಂದು ಮೊದಲೇ ತಿಳಿಯುವುದು, ಇವೆಲ್ಲ ಅಭ್ಯಾಸದಿಂದ ಬರುವ ಕೌಶಲ. ವೀಣೆ ಕಲಿಯುವವರು ಶ್ರುತಿ ಕೂಡಿಸುವುದನ್ನೂ ಕಲಿಯುತ್ತಾರಲ್ಲ, ಇಲ್ಲಿಯೂ ನುಡಿಸುವ ಕೆಲಸದಷ್ಟೇ ಹೊತ್ತು ಶ್ರುತಿ ಕೂಡಿಸುವುದಕ್ಕೆ ಹೋಗುತ್ತದೆ. ಮುಂದಿನ ಸಸ್ಪೆನ್ಷನ್ನಿಗೆ 3,000 ಮೈಲಿಗೊಮ್ಮೆ ಗ್ರೀಸ್ ಹೊಡೆಯಬೇಕು, ಕಾರ್ಬುರೇಟರುಗಳ ಡ್ಯಾಶ್‌ಪಾಟಿನಲ್ಲಿ ಎಣ್ಣೆ ಇದೆಯೇ ನೋಡಬೇಕು, ವಾಲ್ವಿನ ಸಂದು ಅಳೆಯಬೇಕು. ಈ ಕೆಲಸಗಳೇ ಇಷ್ಟವಾಗುವವರು ಎಂಜಿಬಿ ಕೊಳ್ಳಲಿ. ಓಡಿಸುವುದು ಮಾತ್ರ ಬೇಕು, ಉಳಿದದ್ದು ಬೇಡ ಎನ್ನುವವರಿಗೆ 1989ರಲ್ಲಿ ಬಂದ ಮಾಜ್ದಾ ಮಿಯಾಟಾ ಇದೆ. ಅದೇ ಬಗೆಯ ಹಗುರ ಕಾರು, ಆದರೆ ಬೆಳಿಗ್ಗೆ ಕೀ ತಿರುಗಿಸಿದರೆ ಹೊರಡುತ್ತದೆ.

ಯಾವ ವರ್ಷದ್ದು, ಯಾವ ಸ್ಥಿತಿಯದ್ದು

ಎಂಜಿಬಿಯಲ್ಲಿ ವರ್ಷ ಬಹಳ ಮುಖ್ಯ. 1964ರ ಕೊನೆಗೆ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟಿಗೆ ಮೂರರ ಬದಲು ಐದು ಬೇರಿಂಗ್ ಬಂದವು. 1967ರ ಕೊನೆಯಿಂದ ಮೊದಲ ಗೇರಿಗೂ ಸಿಂಕ್ರೋಮೆಶ್, ಅಂದರೆ ಗೇರನ್ನು ಕಿರ್ರೆನ್ನದೆ ಕೂಡಿಸುವ ಏರ್ಪಾಡು, ಬಂತು, ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. 1974ರ ಉತ್ತರಾರ್ಧದಿಂದ ಅಮೆರಿಕದ ನಿಯಮಕ್ಕಾಗಿ ಹೊಳೆಯುವ ಕ್ರೋಮ್ ಬಂಪರ್ ತೆಗೆದು ದಪ್ಪ ಕಪ್ಪು ಬಂಪರ್ ಹಾಕಿದರು, ಕಾರನ್ನು ನೆಲದಿಂದ ಮೇಲಕ್ಕೂ ಎತ್ತಿದರು. 1975ರಿಂದ ಅಮೆರಿಕಕ್ಕೆ ಬಂದವುಗಳಿಗೆ ಎರಡು ಕಾರ್ಬುರೇಟರಿನ ಬದಲು ಒಂದೇ ಕೊಟ್ಟದ್ದರಿಂದ ಶಕ್ತಿಯೂ ಕುಗ್ಗಿತು. ಕಪ್ಪು ಬಂಪರಿನ ಕಾರು ಅಗ್ಗಕ್ಕೆ ಸಿಗುತ್ತದೆ, ಆದರೆ ಮೇಲೆ ವರ್ಣಿಸಿದ ಆ ಸ್ವಭಾವ ಅದರಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ನನ್ನ ಆಯ್ಕೆ 1968ರಿಂದ 1974ರ ಮೊದಲ ಭಾಗದವರೆಗಿನವು.

ಎಂಜಿನ್ನಿಗಿಂತ ಮೊದಲು ನೋಡಬೇಕಾದದ್ದು ತುಕ್ಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಎಂಜಿಬಿಗೆ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ, ಮೈಕಟ್ಟೇ ಚಾಸಿ. ಮೇಲೆ ಚಾವಣಿಯೂ ಇಲ್ಲದ ಕಾರಣ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ, ಅಂದರೆ ಸಿಲ್ಲುಗಳು, ಇಡೀ ಕಾರಿನ ಬೆನ್ನೆಲುಬು. ಅವು ಒಳಗಿನಿಂದ ಕೊಳೆಯುತ್ತವೆ. ಹೊರಗೆ ಮೆರುಗಿನ ಬಣ್ಣ ಬಳಿದಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಬಾಗಿಲು ಮುಚ್ಚಿ, ಅದರ ಹಿಂದಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯೇ ನೋಡಿ. ಮೇಲೆ ಇಕ್ಕಟ್ಟಾಗಿದ್ದು ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಕುಸಿಯುತ್ತಿದೆ ಎಂದರ್ಥ. ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಸಿಲ್ಲಿನ ಮೇಲೆ ಆಡಿಸಿ. ಹಿಡಿಯದ ಜಾಗದಲ್ಲಿ ಕಬ್ಬಿಣವಿಲ್ಲ, ಪುಟ್ಟಿ ಮೆತ್ತಿದ್ದಾರೆ. ಸೀಟಿನ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಕೂರುವ ಪೆಟ್ಟಿಗೆ ನೋಡಿ, ಕಾರ್ಪೆಟ್ ಎತ್ತಿ ನೆಲದ ತಗಡು ನೋಡಿ. ಸಿಲ್ಲನ್ನು ಸರಿಯಾಗಿ ಬದಲಿಸಬೇಕಾದರೆ ಮುಂದಿನ ಫೆಂಡರನ್ನು ಬಿಚ್ಚಿ, ಹಿಂದಿನ ಫೆಂಡರಿನ ಕೆಳತುದಿಯನ್ನೂ ಕತ್ತರಿಸಬೇಕು. ಹೀಗಾಗಿ ಆ ಒಂದು ಕೆಲಸದ ಬಿಲ್ಲು ಕಾರಿನ ಬೆಲೆಯನ್ನೇ ಮೀರಬಹುದು.

ಎಂಜಿನ್, ಗೇರ್‌ಬಾಕ್ಸ್, ಬ್ರೇಕು ಇವೆಲ್ಲ ಹಾಗಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಮಾಸ್ ಮೋಟರ್ಸ್‌ನಂಥ ಅಂಗಡಿಗಳಿಂದ ಬೇಕಾದ ಭಾಗ ವಾರದೊಳಗೆ ಮನೆಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಎಂಜಿಬಿಯ ಇಡೀ ಮೈಕಟ್ಟನ್ನೇ ಹೊಸದಾಗಿ ತಯಾರಿಸಿ ಮಾರುತ್ತದೆ. ಆದ್ದರಿಂದ ಬಣ್ಣ ಮಾಸಿದ, ಎಂಜಿನ್ ದಣಿದ, ಆದರೆ ತುಕ್ಕಿಲ್ಲದ ಅರಿಜೋನಾದ ಕಾರಿಗೆ ಕೊಡುವ ಹಣ ದಂಡವಲ್ಲ. ಫಳಫಳ ಹೊಳೆಯುವ ಮಿಷಿಗನ್ನಿನ ಕಾರನ್ನು ಮಾತ್ರ ಜ್ಯಾಕಿನ ಮೇಲೆ ಎತ್ತಿಸಿ ಕೆಳಗಿನಿಂದ ನೋಡದೆ ಕೊಳ್ಳಬೇಡಿ, ಚಳಿಗಾಲದಲ್ಲಿ ಅಲ್ಲಿನ ರಸ್ತೆಗೆ ಸುರಿಯುವ ಉಪ್ಪು ಅದನ್ನು ತಿಂದಿರಬಹುದು.

ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಎಥೆನಾಲ್ ಇರುತ್ತದೆ, ಆ ಕಾಲದ ರಬ್ಬರ್ ಪೈಪುಗಳಿಗೆ ಅದು ಒಗ್ಗುವುದಿಲ್ಲ. ಪೈಪು ಬಿರುಕು ಬಿಟ್ಟು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ. ಕಾರು ಮನೆಗೆ ಬಂದ ಮೊದಲ ವಾರದಲ್ಲೇ ಎಥೆನಾಲ್ ತಾಳುವ ಪೈಪುಗಳನ್ನು ಹಾಕಿಸಿ, ಒಳಗೊಂದು ಅಗ್ನಿಶಾಮಕ ಇಡಿ.

ಮಕ್ಕಳಿರುವ ಮನೆ

ಇಲ್ಲಿ ನನ್ನ ಮಾತು ಖಂಡಿತ. ಕಾರ್ ಸೀಟಿನಲ್ಲಿ ಕೂರುವ ವಯಸ್ಸಿನ ಮಗು ಮನೆಯಲ್ಲಿದ್ದು, ಎರಡನೆಯ ವಾಹನವೂ ಆ ಮಗುವನ್ನು ಕರೆದೊಯ್ಯಬೇಕಾಗಿದ್ದರೆ, ಎಂಜಿಬಿಯ ಮಾತು ಸದ್ಯಕ್ಕೆ ಬೇಡ.

ಅಮೆರಿಕದಲ್ಲಿ ಚಾವಣಿಯಿರುವ ಕಾರುಗಳ ಮುಂದಿನ ಸೀಟಿಗೆ ಭುಜದ ಪಟ್ಟಿ ಕಡ್ಡಾಯವಾದದ್ದು 1968ರಲ್ಲಿ. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ 1998ರ ಮಾದರಿಗಳಿಂದ, ಮಕ್ಕಳ ಸೀಟು ಸಿಕ್ಕಿಸುವ ಲ್ಯಾಚ್ ಕೊಂಡಿಗಳು 2002ರಿಂದ, ಜಾರುವಾಗ ವಾಹನವನ್ನು ತಾನೇ ಹತೋಟಿಗೆ ತರುವ ಇಎಸ್‌ಸಿ 2012ರ ಮಾದರಿಗಳಿಂದ, ಹಿಂದೆ ನೋಡುವ ಕ್ಯಾಮೆರಾ 2018ರಿಂದ. ಈ ಪಟ್ಟಿಯಲ್ಲಿ ಎಂಜಿಬಿಗೆ ಸಿಕ್ಕಿರಬಹುದಾದದ್ದು ಮೊದಲನೆಯದು ಮಾತ್ರ, ಅದೂ 1968ರ ನಂತರದ್ದಾದರೆ. ಚಾವಣಿಯಿಲ್ಲದ ಮಾದರಿಯಲ್ಲಿ ಹಿಂದಿನ ಸೀಟೇ ಇಲ್ಲ. 13 ವರ್ಷದೊಳಗಿನ ಮಕ್ಕಳು ಹಿಂದೆ ಕೂರಬೇಕೆಂಬುದು ಇಲ್ಲಿನ ಸುರಕ್ಷತಾ ಇಲಾಖೆಯ ಸಲಹೆ. 1965ರಲ್ಲಿ ಬಂದ ಜಿಟಿ ಮಾದರಿಗೆ ಚಾವಣಿಯೂ ಹಿಂದೊಂದು ಸೀಟೂ ಇವೆ. ಅದನ್ನು ತೋರಿಸಿ "ಇದು ಫ್ಯಾಮಿಲಿಗೂ ಆಗುತ್ತದೆ" ಎಂದು ಮಾರುವವರು ಹೇಳುತ್ತಾರೆ. ಆ ಸೀಟು ಒಂದು ಚೀಲ ಇಡಲು ಸರಿ, ಮಗುವನ್ನು ಕೂರಿಸಲು ಅಲ್ಲ. ಸುತ್ತ ಎರಡೂವರೆ ಟನ್ನಿನ ಪಿಕಪ್ ಟ್ರಕ್ಕುಗಳು ಓಡುವ ಹೆದ್ದಾರಿಯಲ್ಲಿ, ಅವುಗಳ ಚಾಲಕರ ಕಣ್ಣಿಗೂ ಬೀಳದ ಎತ್ತರದಲ್ಲಿ ನೀವಿರುತ್ತೀರಿ. ದೊಡ್ಡವರು ತಿಳಿದೂ ತಿಳಿದೂ ಆ ಅಪಾಯವನ್ನು ಒಪ್ಪಿಕೊಳ್ಳಬಹುದು. ಮಗುವಿನ ಪರವಾಗಿ ಒಪ್ಪಿಕೊಳ್ಳುವ ಹಕ್ಕು ನಮಗಿಲ್ಲ.

ಹಾಗೆಂದು ಮಿನಿವ್ಯಾನ್ ಎಂದೊಡನೆ ಸುರಕ್ಷಿತ ಎಂದು ಕಣ್ಣು ಮುಚ್ಚಿ ನಂಬುವುದೂ ಬೇಡ. ಅಪಘಾತ ಪರೀಕ್ಷೆ ನಡೆಸುವ ಐಐಎಚ್‌ಎಸ್ ಸಂಸ್ಥೆ ಎರಡನೆಯ ಸಾಲಿನಲ್ಲಿ ಸಣ್ಣ ಮೈಕಟ್ಟಿನ ಮಹಿಳೆಯ ಅಥವಾ 12 ವರ್ಷದ ಮಗುವಿನ ಗಾತ್ರದ ಗೊಂಬೆಯನ್ನಿಟ್ಟು ಮಿನಿವ್ಯಾನುಗಳನ್ನು ಪರೀಕ್ಷಿಸಿ, 2023ರ ಕೊನೆಗೆ ಫಲಿತಾಂಶ ಪ್ರಕಟಿಸಿತು. ಸಿಯೆನ್ನಾ, ಕಿಯಾ ಕಾರ್ನಿವಲ್, ಕ್ರೈಸ್ಲರ್ ಪೆಸಿಫಿಕಾ ಮೂರಕ್ಕೂ ಕೆಳಗಿನಿಂದ ಎರಡನೆಯ ದರ್ಜೆ, ಹೋಂಡಾ ಒಡಿಸ್ಸಿಗೆ ಎಲ್ಲಕ್ಕಿಂತ ಕೆಳಗಿನದು. ಮುಂದಿನ ಸೀಟಿಗೆ ಬಂದಷ್ಟು ಸುಧಾರಣೆ ಹಿಂದಿನ ಸೀಟಿಗೆ ಬಂದಿಲ್ಲ ಎಂಬುದು ಆ ಪರೀಕ್ಷೆಯಿಂದ ಗೊತ್ತಾಯಿತು. ತಯಾರಕರು ವರ್ಷವರ್ಷಕ್ಕೆ ಬದಲಾವಣೆ ಮಾಡುತ್ತಿರುತ್ತಾರೆ, ಆದ್ದರಿಂದ ನೀವು ಕೊಳ್ಳುವ ವರ್ಷದ ಮಾದರಿಗೆ ಯಾವ ದರ್ಜೆ ಬಂದಿದೆ ಎಂದು ನೋಡಿಯೇ ಮುಂದುವರಿಯಿರಿ. ಮಕ್ಕಳಿಗೆ ಹಿಂದಿನ ಸೀಟೇ ಸರಿ ಎಂಬ ಸಲಹೆ ಇದರಿಂದ ಬದಲಾಗುವುದಿಲ್ಲ.

ಅಪ್ಪ ಅಮ್ಮ ಬಂದಾಗ

ಮಿನಿವ್ಯಾನಿನ ನಿಜವಾದ ಬೆಲೆ ತಿಳಿಯುವುದು ವಿಮಾನ ನಿಲ್ದಾಣದಲ್ಲಿ. ಇಬ್ಬರು ಹಿರಿಯರು, ತಲಾ 23 ಕಿಲೋದ ಎರಡೆರಡು ಸೂಟ್‌ಕೇಸು, ಸಾರಿನ ಪುಡಿ ಹಪ್ಪಳಗಳ ಕೈಚೀಲ ಬೇರೆ, ಜೊತೆಗೆ ಅಜ್ಜಿ ತಾತನನ್ನು ನೋಡಲು ಹಟ ಮಾಡಿ ಬಂದ ಮಕ್ಕಳು. ಮೂರು ಸಾಲಿನ ಎಸ್‌ಯುವಿಗಳಲ್ಲಿ ಮೂರನೆಯ ಸಾಲು ಎತ್ತಿದರೆ ಹಿಂದೆ ಸಾಮಾನಿಗೆ ಜಾಗವೇ ಉಳಿಯುವುದಿಲ್ಲ. ಮಿನಿವ್ಯಾನಿನಲ್ಲಿ ಅಲ್ಲೊಂದು ಆಳವಾದ ತಗ್ಗು ಇರುತ್ತದೆ, ಸೂಟ್‌ಕೇಸುಗಳು ನಿಂತುಕೊಳ್ಳುತ್ತವೆ. ನೆಲ ತಗ್ಗು, ಬಾಗಿಲು ಪಕ್ಕಕ್ಕೆ ಸರಿಯುತ್ತದೆ. ಮಂಡಿ ನೋವಿರುವ ಅಮ್ಮ ಸೀರೆ ಎತ್ತಿ ಹಿಡಿದು ಹತ್ತಬೇಕಾಗಿಲ್ಲ, ಒಂದು ಹೆಜ್ಜೆ ಒಳಗಿಟ್ಟು ಕೂತರಾಯಿತು. ಊರಿನಲ್ಲಿ ಧರ್ಮಸ್ಥಳಕ್ಕೋ ಮದುವೆಗೋ ಹೊರಟಾಗ ಇನ್ನೋವಾ ಮಾಡುವ ಕೆಲಸ ಇಲ್ಲಿ ಇದರದ್ದು. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಕಾರಿನ ಹೈಬ್ರಿಡ್ ಮಾದರಿ ಮತ್ತು ಇಂಡಿಯಾನಾದಲ್ಲಿ ತಯಾರಾಗುವ ಸಿಯೆನ್ನಾ ಎರಡನ್ನೂ ಟೊಯೋಟಾದ ಹೈಬ್ರಿಡ್ ತಂತ್ರವೇ ಓಡಿಸುತ್ತದೆ.

ವ್ಯಾನುಗಳ ನಡುವೆ ಆರಿಸುವುದು ಹೆಚ್ಚು ಕಷ್ಟವಲ್ಲ. 2021ರ ಮಾದರಿಯಿಂದ ಸಿಯೆನ್ನಾ ಹೈಬ್ರಿಡ್ಡಾಗಿ ಮಾತ್ರ ಸಿಗುತ್ತದೆ: 2.5 ಲೀಟರ್ ಎಂಜಿನ್, ಮೋಟಾರುಗಳು ಸೇರಿ 245 ಅಶ್ವಶಕ್ತಿ, ಹಿಮದ ಊರುಗಳಿಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಆಯ್ಕೆ, ಹೈಬ್ರಿಡ್ ಬ್ಯಾಟರಿಗೆ 10 ವರ್ಷ ಅಥವಾ 1,50,000 ಮೈಲಿ ವಾರಂಟಿ. ಕೊರತೆ ಎಂದರೆ ಎರಡನೆಯ ಸಾಲಿನ ಸೀಟುಗಳನ್ನು ಕಳಚಿ ಹೊರಗಿಡಲಾಗದು. ಒಡಿಸ್ಸಿಯಲ್ಲಿ ಕಳಚಬಹುದು. 280 ಅಶ್ವಶಕ್ತಿಯ ವಿ6 ಎಂಜಿನ್ ಗಟ್ಟಿ, ಆದರೆ ಮೈಲೇಜು 22ರ ಆಸುಪಾಸು. ಪೆಸಿಫಿಕಾದ ಪೆಟ್ರೋಲ್ ಮಾದರಿಯಲ್ಲಿ ಎರಡನೆಯ ಸಾಲು ನೆಲದೊಳಗೇ ಮಡಚಿಕೊಳ್ಳುತ್ತದೆ, ಮನೆ ಬದಲಿಸುವವರಿಗೆ, ಕನ್ನಡ ಕೂಟದ ನಾಟಕದ ಸಾಮಾನು ಸಾಗಿಸುವವರಿಗೆ ಅದರಷ್ಟು ಅನುಕೂಲ ಬೇರೆಯದರಲ್ಲಿಲ್ಲ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವ ಮನೆಗೆ ನಾನು ಸಿಯೆನ್ನಾ ಎನ್ನುತ್ತೇನೆ. ಪಟ್ಟಿ ಬೆಲೆಯ ಮೇಲೆ ಹೆಚ್ಚುವರಿ ಕೇಳುವ ಡೀಲರುಗಳಿದ್ದಾರೆ, ಅಲ್ಲಿಂದ ಎದ್ದು ಮುಂದಿನ ಊರಿಗೆ ಹೋಗಿ.

ಹಣ, ವಿಮೆ, ನಂಬರ್ ಪ್ಲೇಟು

ಸಿಯೆನ್ನಾ 40,000 ಡಾಲರಿನ ಆಸುಪಾಸಿನಲ್ಲಿ ಶುರು. ಓಡಿಸಲು ಯೋಗ್ಯವಾದ ಎಂಜಿಬಿ ಅದರ ಮೂರನೇ ಒಂದು ಭಾಗಕ್ಕೆ ಸಿಗಬಹುದು. ವ್ಯಾನಿನ ಬೆಲೆ ವರ್ಷವರ್ಷ ಇಳಿಯುತ್ತದೆ, ಎಂಜಿಬಿಯದ್ದು ಇಳಿಯುವಷ್ಟು ಇಳಿದು ನಿಂತಿದೆ. ಆದರೆ ಇದನ್ನು ಹೂಡಿಕೆ ಎಂದು ಭಾವಿಸಬೇಡಿ. ಇಷ್ಟೊಂದು ಸಂಖ್ಯೆಯಲ್ಲಿ ತಯಾರಾದ ಕಾರಿನ ಬೆಲೆ ಗಗನಕ್ಕೇರುವುದಿಲ್ಲ, ಹಾಕಿದ ರಿಪೇರಿ ಖರ್ಚು ಮಾರುವಾಗ ವಾಪಸ್ಸು ಬರುವುದಿಲ್ಲ.

ಹಳೆಯ ಕಾರಿಗೆ ಸಾಮಾನ್ಯ ವಿಮೆ ಮಾಡಿಸಿದರೆ ಅಪಘಾತವಾದಾಗ ಅದನ್ನು ಹಳೆಯ ತಗಡಿನ ಬೆಲೆಗೆ ಕಟ್ಟುತ್ತಾರೆ. ಇಷ್ಟು ಡಾಲರ್ ಎಂದು ಮೊದಲೇ ಒಪ್ಪಿಕೊಂಡ ಮೌಲ್ಯದ ಕ್ಲಾಸಿಕ್ ವಿಮೆ ಬೇಕು. ಅದರ ಕಂತು ಕಡಿಮೆ, ಷರತ್ತು ಹೆಚ್ಚು: ಮುಚ್ಚಿದ ಗ್ಯಾರೇಜಿರಬೇಕು, ದಿನನಿತ್ಯಕ್ಕೆ ಬೇರೆ ಕಾರಿರಬೇಕು. ನ್ಯೂ ಜೆರ್ಸಿಯಲ್ಲಿ 25 ವರ್ಷ ದಾಟಿದ ವಾಹನಕ್ಕೆ ಐತಿಹಾಸಿಕ ವಾಹನದ ನಂಬರ್ ಪ್ಲೇಟು ಸಿಗುತ್ತದೆ, ಆದರೆ ಪ್ರದರ್ಶನದಂಥ ಉದ್ದೇಶಗಳಿಗೆ ಮಾತ್ರ ಓಡಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಹೊಗೆ ಪರೀಕ್ಷೆಯಿಂದ ವಿನಾಯಿತಿ. 1976ರ ಎಂಜಿಬಿ ಕೊಂಡರೆ ಎರಡು ವರ್ಷಕ್ಕೊಮ್ಮೆ ಆ ಪರೀಕ್ಷೆ ಪಾಸು ಮಾಡಿಸಬೇಕು, ಐವತ್ತು ವರ್ಷದ ಹೊಗೆ ನಿಯಂತ್ರಣ ಸಾಮಗ್ರಿ ಹುಡುಕುತ್ತ. ಸ್ಯಾನ್ ಹೋಸೆಯ ಗೆಳೆಯರು ಈ ಒಂದು ಸಾಲನ್ನು ಮರೆಯದಿರಲಿ.

ಊರಿನಲ್ಲಿ ಇದನ್ನು ಓದುತ್ತಿರುವವರಿಗೆ ಕಾನೂನೇ ಅರ್ಧ ತೀರ್ಮಾನ ಮಾಡಿಟ್ಟಿದೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿದರೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವುಗಳಿಗಷ್ಟೇ ರಸ್ತೆಗಿಳಿಸಬಹುದು, ದಿನಬಳಕೆಗೆ ಅಲ್ಲ.

ಹಾಗಾದರೆ ಯಾರಿಗೆ ಯಾವುದು? ಮಕ್ಕಳು ಚಿಕ್ಕವರು, ಅಪ್ಪ ಅಮ್ಮ ವರ್ಷ ಬಿಟ್ಟು ವರ್ಷ ಬರುತ್ತಾರೆ, ವಾರಾಂತ್ಯವೆಲ್ಲ ಈಜು, ಕನ್ನಡ ಕಲಿ ತರಗತಿ, ಸಂಗೀತ ಪಾಠ ಎಂದು ಓಡಾಟ: ಈಗ ಸಿಯೆನ್ನಾ ಕೊಳ್ಳಿ. ಎಂಜಿಬಿಯ ಕನಸು ಬಿಡಬೇಕಾಗಿಲ್ಲ. ಅದು ಕಾಯುತ್ತದೆ, ಬೆಲೆಯೂ ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ, ಮಗ ಮಗಳು ಹೈಸ್ಕೂಲಿಗೆ ಬಂದ ಮೇಲೆ ಪಾನಾ ಹಿಡಿಯಲು ಜೊತೆಗೂ ಸಿಗುತ್ತಾರೆ. ಮಕ್ಕಳು ಕಾಲೇಜಿಗೆ ಹೋಗಿದ್ದಾರೆ, ಮನೆಯಲ್ಲಿ ಇಬ್ಬರೇ, ಭಾನುವಾರ ಕೈಗೆ ಮಸಿಯಾದರೆ ಬೇಸರವಿಲ್ಲ ಎನ್ನುವವರು ಇನ್ನು ಮುಂದೂಡಬೇಡಿ. ಅಂಥವರಿಗೆ ವ್ಯಾನು ಸುಮ್ಮನೆ ಜಾಗ ತಿನ್ನುತ್ತದೆ, ವರ್ಷಕ್ಕೆರಡು ಸಲ ಬೇಕಾದಾಗ ಬಾಡಿಗೆಗೆ ಸಿಗುತ್ತದೆ.

ನೋಡಲು ಹೋಗುವ ದಿನ ಎಂಜಿಬಿಯ ಮಾಲೀಕರಿಗೆ ಮೊದಲೇ ಹೇಳಿಡಿ, ನೀವು ಬರುವ ಮುಂಚೆ ಎಂಜಿನ್ ಬಿಸಿ ಮಾಡಬಾರದು ಎಂದು. ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತದೆ ನೋಡಿ, ಅರ್ಧ ಗಂಟೆ ಓಡಿಸಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಹೆದ್ದಾರಿಯ ವೇಗದಲ್ಲಿ ಆಯಿಲ್ ಪ್ರೆಶರ್ ಮುಳ್ಳು 50ರ ಹತ್ತಿರ ನಿಂತಿದೆಯೇ ಗಮನಿಸಿ. ಸ್ಥಳೀಯ ಎಂಜಿ ಕ್ಲಬ್ಬಿನ ಒಬ್ಬರನ್ನು ಜೊತೆಗೆ ಕರೆದರೆ ಸಂತೋಷದಿಂದ ಬರುತ್ತಾರೆ. ವ್ಯಾನ್ ಶೋರೂಮಿಗೆ ಹೋಗುವಾಗ ನಿಮ್ಮದೇ ಕಾರ್ ಸೀಟುಗಳನ್ನು ಒಯ್ದು ಅಲ್ಲೇ ಸಿಕ್ಕಿಸಿ ನೋಡಿ, ಅವು ಕೂತಿರುವಾಗಲೇ ಮೂರನೆಯ ಸಾಲಿಗೆ ದೊಡ್ಡವರೊಬ್ಬರು ಹೋಗಿ ಕೂರಲಾಗುತ್ತದೆಯೇ ಪರೀಕ್ಷಿಸಿ. ಅಪ್ಪ ಅಮ್ಮ ಇಲ್ಲೇ ಇದ್ದರೆ ಅವರನ್ನೂ ಕರೆದೊಯ್ದು ಹತ್ತಿಸಿ ಇಳಿಸಿ, ಆಮೇಲೆ ಬೆಲೆಯ ಮಾತಿಗೆ ಕೂರಿ.